ಕೊಡದೆ ಉಳಿದ ಅರ್ಜಿ

ಅಕ್ಕೂರು
೧೯ ಜೂನ್ ೨೦೨೫

ಪ್ರೀತಿಯ ಸಾಬೀರ,

ಈ ಕಾಗದದ ಜೊತೆ ಇರುವ ಫಾರಂ ಈಗಲೇ ನೋಡಬೇಡ. ಇದನ್ನು ಓದಿ ಮುಗಿಸು, ಆಮೇಲೆ ಬೈಯುವುದಿದ್ದರೆ ಬೈ. ಕಬಡ್ಡಿ ಕ್ಯಾಂಪಿನಲ್ಲಿ ವಾರಕ್ಕೆ ಹತ್ತು ನಿಮಿಷ ಫೋನು ಕೊಡುತ್ತಾರಂತೆ. ಆ ಹತ್ತು ನಿಮಿಷ ನಿನ್ನ ಅಮ್ಮಿಯದು, ಅದರಲ್ಲಿ ನಾನು ಪಾಲು ಕೇಳುವುದಿಲ್ಲ.

ನಿನ್ನೆಗೆ ನನ್ನ ಕೊನೆಯ ಪೇಪರು ಮುಗಿಯಿತು. ಚೆನ್ನಾಗಿ ಬರೆದಿದ್ದೇನೆ. ಅದಕ್ಕೇ ಇವತ್ತು ನಿನ್ನ ಎದುರು ತಪ್ಪು ಒಪ್ಪಿಕೊಳ್ಳುವ ಧೈರ್ಯ ಬಂದಿದೆ.

ಮೇ ಎಂಟಕ್ಕೆ ಇಬ್ಬರೂ ರಾಮನಗರದಿಂದ ಪುಣೆಗೆ ಹೊರಡುವುದೆಂದು ಮಾತಾಗಿತ್ತು. ಅಲ್ಲಿನ ತಂಡದ ಜೊತೆ ಮೂರು ವರ್ಷದ ಕರಾರು. ಕಬಡ್ಡಿ ಆಡಿಕೊಂಡೇ ಬದುಕುವ ಅವಕಾಶ ನಮ್ಮ ಕಾಲೇಜಿನಲ್ಲಿ ಯಾರಿಗೂ ಸಿಕ್ಕಿರಲಿಲ್ಲ. ಡಿಗ್ರಿಗೆ ಉಳಿದಿದ್ದದ್ದು ಆರೇ ಪೇಪರು. ಪರೀಕ್ಷೆ ಬರೆದು ಬರುತ್ತೇವೆ ಎಂದರೆ ತಂಡದವರು ಕಾಯಲಾಗದು ಎಂದರು. ಕಾಲೇಜಿನಲ್ಲಿ ಹೆಸರಿದ್ದರೆ ಮನಸ್ಸು ಹಿಂದಕ್ಕೆ ಎಳೆಯುತ್ತದೆ, ಟಿ.ಸಿ. ತೆಗೆದುಕೊಂಡೇ ಹೋಗಿಬಿಡೋಣ ಎಂದವನು ನೀನು. ನಿನ್ನ ಅರ್ಜಿಗೆ ಸಹಿ ಹಾಕಿ, ಎರಡನ್ನೂ ನೀನೇ ಆಫೀಸಿಗೆ ಕೊಟ್ಟುಬಿಡು ಎಂದು ನನ್ನ ಕೈಗಿತ್ತೆ.

ಕೊಡಲು ಹೋದೆ. ಗುಮಾಸ್ತರು ಗಂಗಹನುಮಯ್ಯನವರು ನನ್ನ ಅರ್ಜಿ ನೋಡಿ, ‘ಬಿಡಲು ಕಾರಣ’ ಅನ್ನುವ ಜಾಗ ಖಾಲಿ ಇದೆ, ತುಂಬಿ ತಾ ಎಂದು ವಾಪಸು ಕೊಟ್ಟರು. ಕಾರಿಡಾರಿನ ಬೆಂಚಿನ ಮೇಲೆ ಕೂತೆ. ‘ಕ’ ಬರೆದೆ, ಪೆನ್ನು ಮುಂದಕ್ಕೆ ಹೋಗಲಿಲ್ಲ. ಎದುರಿನ ಲ್ಯಾಬಿನಲ್ಲಿ ಸೆಕೆಂಡ್ ಇಯರಿನವರು ಪ್ರಯೋಗ ಮಾಡುತ್ತಿದ್ದರು. ಒಬ್ಬಳು ಬಣ್ಣ ಬದಲಾದ ಮೇಲೂ ಆ್ಯಸಿಡ್ ಬಿಡುತ್ತಲೇ ಇದ್ದಳು. ತಡೆಯಲಾರದೆ ಎದ್ದು ಹೋಗಿ, ಯಾವ ಹನಿಗೆ ನಿಲ್ಲಿಸಬೇಕೆಂದು ತೋರಿಸಿಕೊಟ್ಟೆ. ಅವಳಾದ ಮೇಲೆ ಪಕ್ಕದವನು ಕೇಳಿದ. ಹೊರಗೆ ಬರುವಷ್ಟರಲ್ಲಿ ಊಟದ ಬೆಲ್ಲು ಹೊಡೆದಿತ್ತು. ಅಷ್ಟು ಹೊತ್ತೂ ನನಗೆ ಪುಣೆ ನೆನಪಾಗಿರಲೇ ಇಲ್ಲ ಸಾಬೀರ.

ನನ್ನ ಅರ್ಜಿ ಹರಿದುಹಾಕಿದೆ. ನಿನ್ನದನ್ನು ಹರಿಯುವ ಹಕ್ಕು ನನಗಿರಲಿಲ್ಲ, ಕೊಡಲು ಕೈಯೂ ಬರಲಿಲ್ಲ. ಬ್ಯಾಗಿಗೆ ಹಾಕಿಕೊಂಡೆ. ಸಂಜೆ ನೀನು ಕೇಳಿದಾಗ, ಕೊಟ್ಟಾಯಿತು, ಟಿ.ಸಿ. ಆಮೇಲೆ ಪೋಸ್ಟಿನಲ್ಲಿ ಬರುತ್ತದಂತೆ ಎಂದುಬಿಟ್ಟೆ. ಹೊರಡುವ ದಿನ ಬೆಳಿಗ್ಗೆ ಫೋನು ಮಾಡಿ, ತಾತನಿಗೆ ತೀರಾ ಹುಷಾರಿಲ್ಲ, ಮುಂದಿನ ವಾರ ಬರುತ್ತೇನೆ ಎಂದೆ. ಎರಡೂ ಸುಳ್ಳು. ತಾತನನ್ನು ನೋಡಿಕೋ ಎಂದು ಹೇಳಿ ನೀನು ಒಬ್ಬನೇ ರೈಲು ಹತ್ತಿದೆ. ಬೈದಿದ್ದರೆ ಎಷ್ಟೋ ವಾಸಿಯಾಗಿರುತ್ತಿತ್ತು.

ಹೋದ ಗುರುವಾರ ಮಧ್ಯಾಹ್ನ ನಿನ್ನ ಅಮ್ಮಿ ಚನ್ನಪಟ್ಟಣದಿಂದ ಬಸ್ಸಿನಲ್ಲಿ ನಮ್ಮ ಮನೆಗೆ ಬಂದರು, ತಾತನ ಆರೋಗ್ಯ ವಿಚಾರಿಸಲು. ಕೈಯಲ್ಲಿ ಬ್ರೆಡ್ಡು, ಮೂಸಂಬಿ. ಅವರು ತಾತನನ್ನು ಹಿಂದೆ ನೋಡಿದವರಲ್ಲ. ಆಗಷ್ಟೇ ತೋಟದಿಂದ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಬಂದ ತಾತನನ್ನೇ ನಿಲ್ಲಿಸಿ, ದೊಡ್ಡಹನುಮಯ್ಯನವರು ಎದ್ದು ಓಡಾಡುತ್ತಾರಾ ಎಂದು ಕೇಳಿದರು. ನಾನೇ ಕಣವ್ವ ಎಂದು ತಾತ ಹೊರೆ ಇಳಿಸಿತು. ನಾನು ರೇಷ್ಮೆಹುಳದ ಮನೆಯ ಬಾಗಿಲ ಹಿಂದೆ ನಿಂತಿದ್ದೆ. ಎಲ್ಲಾ ಕೇಳಿಕೊಂಡ ತಾತ ನನ್ನನ್ನು ಕರೆದು ಹೇಳಿತು: “ಒಲ್ಲೆ ಅನ್ನಂಗಿದ್ರೆ ಒಲ್ಲೆ ಅನ್ಬೇಕು ಕಣ್ಲಾ. ಗಟ್ಟಿಮುಟ್ಟಾಗಿರೋ ನನ್ನ್ಯಾಕ್ಲಾ ಮಂಚಕ್ಕೆ ಆಕ್ದೆ?”

ಅಮ್ಮಿ ನಗಲಿಲ್ಲ. “ನೀನು ಜೊತೇಲಿರ್ತೀಯ ಅಂತ ಕಳ್ಸಿದ್ದು ಕಣಪ್ಪ” ಎಂದರು. ನನಗೆ ತಲೆ ಎತ್ತಲಾಗಲಿಲ್ಲ. ನಿನ್ನ ಆಟ ಚೆನ್ನಾಗಿ ಆಗುತ್ತಿದೆಯಂತೆ, ಆದರೆ ಡಿಗ್ರಿ ಬಿಟ್ಟು ಬಂದದ್ದು ತಪ್ಪಾಯಿತೇನೋ ಎಂದು ಹಿಂದಿನ ವಾರ ನೀನು ಫೋನಿನಲ್ಲಿ ಅತ್ತೆಯಂತೆ. ಅಮ್ಮಿ ಅದನ್ನು ಹೇಳುತ್ತಿದ್ದ ಹಾಗೇ ನಾನು ಒಳಗೆ ಓಡಿ ನಿನ್ನ ಅರ್ಜಿ ತಂದು ಅವರ ಕೈಗೆ ಕೊಟ್ಟೆ. ಇದು ಆಫೀಸಿಗೆ ಹೋಗೇ ಇಲ್ಲ, ಸಾಬೀರನ ಹೆಸರು ರಿಜಿಸ್ಟರಿನಲ್ಲೇ ಇದೆ ಎಂದೆ.

“ಇನ್ನೂ ಐತಾ?” ಎಂದರು.

ಐತೆ ಎಂದೆ. ಜಗಲಿಯ ಮೇಲೆ ಕೂತು ಸೆರಗಿನಲ್ಲಿ ಮುಖ ಒರೆಸಿಕೊಂಡರು. ನೀರು ಕೇಳಿ ಎರಡು ಲೋಟ ಕುಡಿದರು. ಆಮೇಲೆ ಒಂದು ಮೂಸಂಬಿ ಸುಲಿದು, ಹುಷಾರಾಗಿರುವವರೂ ತಿನ್ನಬಹುದು ಎಂದು ತಾತನಿಗೆ ಕೊಟ್ಟರು.

ಮಾರನೆಯ ದಿನ ಅವರನ್ನು ಕಾಲೇಜಿಗೆ ಕರೆದುಕೊಂಡು ಹೋದೆ. ನಾವು ಯೂನಿವರ್ಸಿಟಿ ಪರ ಆಡಿದ ದಿನಗಳನ್ನು ಸೇರಿಸಿದರೆ ನಿನ್ನ ಹಾಜರಾತಿ ಸಾಲುತ್ತದಂತೆ. ಆ ಆರು ಪೇಪರನ್ನು ಮುಂದಿನ ಸಲ ಬರೆಯಬಹುದು. ಅಷ್ಟರಲ್ಲಿ ನಿಮ್ಮ ಟೂರ್ನಿಯೂ ಮುಗಿದಿರುತ್ತದೆ. ಆಟ ಬಿಡಬೇಕಾಗಿಲ್ಲ. ನನ್ನ ನೋಟ್ಸೆಲ್ಲಾ ನಿನಗೆ, ಪಾಠ ಹೇಳಿಕೊಡುವುದಕ್ಕೆ ನಾನಿದ್ದೇನೆ. ನಾನು ಬಿ.ಎಡ್.ಗೆ ಅರ್ಜಿ ಹಾಕುತ್ತಿದ್ದೇನೆ.

ಜೊತೆಗಿರುವುದು ಆ ಪರೀಕ್ಷೆಯ ಫಾರಂ. ಅದರಲ್ಲಿ ಎರಡು ಕಡೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದೇನೆ, ಅಲ್ಲಿ ಸಹಿ ಮಾಡು. ನಿನ್ನ ಟಿ.ಸಿ. ಅರ್ಜಿಯನ್ನೂ ಜೊತೆಗೆ ಇಟ್ಟಿದ್ದೇನೆ, ಅದು ನಿನ್ನದು. ಎರಡರಲ್ಲಿ ಯಾವುದನ್ನು ಕಳಿಸಿದರೂ ಈ ಸಲ ತಪ್ಪದೆ ಆಫೀಸಿಗೆ ಕೊಡುತ್ತೇನೆ.

ಇಂತಿ ನಿನ್ನ ಗೆಳೆಯ,
ಮುನೇಶ

ಮರೆತ ಮಾತು: ಮರೆತದ್ದಲ್ಲ, ಬರೆಯಲೋ ಬೇಡವೋ ಎಂದು ಯೋಚಿಸುತ್ತಿದ್ದೆ. ಟ್ರಯಲ್ಸ್ ದಿನ ಪುಣೆಯ ಕೋಚು ಆರಿಸಿದ್ದು ನಿನ್ನೊಬ್ಬನನ್ನೇ. ಮುನೇಶನನ್ನು ಸೇರಿಸಿಕೊಂಡರೆ ಮಾತ್ರ ಬರುತ್ತೇನೆ ಎಂದು ನೀನು ಅವರ ಹತ್ತಿರ ಹಟ ಹಿಡಿದಾಗ ನಾನು ಶೆಡ್ಡಿನ ಆ ಕಡೆ ಶೂ ಬಿಚ್ಚುತ್ತಾ ಕೂತಿದ್ದೆ. ನೀನು ಇವತ್ತಿನವರೆಗೂ ಅದನ್ನು ಬಾಯಿ ಬಿಟ್ಟು ಹೇಳಿಲ್ಲ, ನಾನೂ ಕೇಳಿಲ್ಲ. ಅವತ್ತು ತುಂಬ ನೋವಾಗಿತ್ತು. ಈಗ ಇಲ್ಲ.