ಮುತ್ತಜ್ಜನ ಕಲ್ಲಿಗೆ ನನ್ನ ರುಜು ಇಲ್ಲ

ಕುವೈತ್, 2-3-2014

ತಮ್ಮ ನೊರ್ಬರ್ಟನಿಗೆ,

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ಅಕ್ಕನ ಕೈಯಲ್ಲಿ ಕಾರ್ಡು ಬರೆಸುತ್ತೀಯಲ್ಲ, ನಾಚಿಕೆಯಿಲ್ಲವೇ? ಊರ ಹಳೇ ಇಗರ್ಜಿ ಕೆಡಹುವ ಮಾತು ತೆಗೆದರೆ ಸಾಕು, "ಲೈನು ಸರಿಯಿಲ್ಲ" ಎಂದು ಫೋನು ಇಡುತ್ತೀಯ.

ನಿನ್ನೆ ಅಳಿಯ ಲಾಂಚಿನಲ್ಲಿ ಫೈಲಕಾ ದ್ವೀಪಕ್ಕೆ ಕರೆದೊಯ್ದ. ಅಲ್ಲಿ ಮಣ್ಣಿನಡಿಯಿಂದ ಅಗೆದು ತೆಗೆದ ಇಗರ್ಜಿಯಿದೆ, ಸಾವಿರ ವರ್ಷಕ್ಕೂ ಹಳೆಯದು. ಮೇಲೆ ಮಾಡು ಇಲ್ಲ, ಗಂಟೆಯಿಲ್ಲ, ಮಣ್ಣಿಟ್ಟಿಗೆಯ ಗೋಡೆ ಮೊಣಕಾಲೆತ್ತರ ಮಾತ್ರ. ಆದರೂ ನಡುವೆ ಅಗಲ ಅಂಕಣ, ಪಕ್ಕದಲ್ಲಿ ಎರಡು ಕಿರಿದು, ಮೂಡಣಕ್ಕೆ ಬಲಿಪೀಠ, ಎಲ್ಲ ನಮ್ಮದರಂತೆಯೇ. ಗೋಡೆಯ ಗಾರೆ ಶಿಲುಬೆಯನ್ನು ಮ್ಯೂಸಿಯಮ್ಮಿನಲ್ಲಿ ಇಟ್ಟಿದ್ದಾರಂತೆ. ಕಾಲು ಸೋತು ನಾನು ಗೋಡೆಯ ಮೇಲೆ ಕುಳಿತೆ. ಕಾವಲಿನ ಬಂಗಾಲಿ ಓಡಿಬಂದು, "ಉಠೋ ಅಮ್ಮಾ! ಯೇ ಚರ್ಚ್ ಹೈ, ಕುರ್ಸಿ ನಹೀ!" ಏಳು, ಇದು ಇಗರ್ಜಿ, ಕುರ್ಚಿಯಲ್ಲ ಎಂದು ಗದರಿದ. ಅವನು ನಮಾಜು ಮಾಡುವವನು. ನೀನು ವಾಡೆಯ ಗುರ್ಕಾರ, ಇಗರ್ಜಿಯ ಜನಕ್ಕೆ ಮುಖಂಡ, ಮಾಡು, ಗೋಡೆ ಎರಡೂ ಗಟ್ಟಿಯಿರುವ ಇಗರ್ಜಿಗೆ ಜೆಸಿಬಿ ತರಿಸುತ್ತೀಯ!

ನಮ್ಮ ಆ ಇಗರ್ಜಿಯ ನೆಲದಲ್ಲಿ ಮುತ್ತಜ್ಜ ಮಲಗಿದ್ದಾನೆ. ಅವನ ಸಮಾಧಿ ಕಲ್ಲು ಎತ್ತಲು ನೀನು ಕಳಿಸಿದ ಒಪ್ಪಿಗೆ ಕಾಗದ ಹರಿದು ಹಾಕಿದ್ದೇನೆ. ಕುಟುಂಬಕ್ಕೆ ಹಿರಿಯಳು ನಾನು. ಹೊಸದು ಬೇಕಾದರೆ ಪಕ್ಕದ ಬಯಲಿನಲ್ಲಿ ಕಟ್ಟಿ.

ಮಂಡಿನೋವು ಹಾಗೇ ಇದೆ, ಸಕ್ಕರೆ ಇಳಿದಿದೆ. ಮುಂದಿನ ತಿಂಗಳು ಬಂದು ಮುತ್ತಜ್ಜನ ಕಲ್ಲಿನ ಮೇಲೆ ಕೂರುತ್ತೇನೆ. ಆಗ ನನಗೆ "ಏಳು" ಅನ್ನು, ನೋಡೋಣ.

ಜಾಗ ಮುಗಿಯಿತು.
ಅಕ್ಕ ಅಪೊಲೋನಿಯಾ

ಕೆಡಹುವುದಿಲ್ಲ ಎಂಬ ಉತ್ತರ ಏಪ್ರಿಲ್ ಐದರೊಳಗೆ ನನ್ನ ಕೈಯಲ್ಲಿರಬೇಕು.