ಹೆಬ್ಬೆರಳಿನ ಕಡೆಯಿಂದ

ಕ್ಯಾರಲ್ಟನ್,
ಶುಕ್ರವಾರ, ೧೪ ನವೆಂಬರ್ ೨೦೨೫

ಮಗಳು ಮಧುಶ್ರೀಗೆ ಅವ್ವನ ಆಶೀರ್ವಾದ.

ನಾವೆಲ್ಲ ಕ್ಷೇಮ ಎಂದು ಬರೆಯುವ ಸಾಲನ್ನು ಈ ಸಲ ಬಿಟ್ಟಿದ್ದೇನೆ. ನಾಳೆ ನೀನು ಲಿಯಾಂಡರಿನಿಂದ ಡ್ರೈವ್ ಮಾಡಿಕೊಂಡು ಬರುವ ಹೊತ್ತಿಗೆ ನಾನು ರಿಹ್ಯಾಬಿನಲ್ಲಿ ನಿಮ್ಮಪ್ಪನ ಹತ್ತಿರ ಇರುತ್ತೇನೆ. ಈ ಕಾಗದ ನಿನ್ನ ದಿಂಬಿನ ಮೇಲೆ ಇರುತ್ತದೆ. ಫ್ರಿಜ್ಜಿನಲ್ಲಿ ಎಣ್ಣೆಗಾಯಿ ಇದೆ, ರೊಟ್ಟಿ ಡಬ್ಬಿಯಲ್ಲಿದೆ. ಮೊದಲು ಊಟ ಮಾಡು, ಆಮೇಲೆ ಓದು. ಕನ್ನಡ ಓದುವುದು ನಿನಗೆ ತುಸು ನಿಧಾನ ಎಂದು ಅಕ್ಷರ ಬಿಡಿಸಿ ಬರೆಯುತ್ತಿದ್ದೇನೆ.

ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆಗೆಯುವ ಮೊದಲೇ ನೀನು 'ಅವ್ವಾ, ನೀ ಸೇಫ್ ಆಗಿದ್ದೀ, ನನಗ ಅಷ್ಟ ಸಾಕು' ಎಂದುಬಿಡುತ್ತೀ. ಅಂಥ ಮಾತು ಕೇಳಿದ ಮೇಲೆ ಸತ್ಯ ಹೇಳಲು ನಾಲಿಗೆ ಏಳುವುದಿಲ್ಲ.

ಸೋಮವಾರ ರಿಹ್ಯಾಬಿನವರ ಜೊತೆ ಆ ಮೀಟಿಂಗ್ ಇದೆ. ಅಪ್ಪ ಮನೆಗೆ ಬರಬೇಕೋ, ನೀನು ನಿನ್ನ ಮನೆಯ ಹತ್ತಿರ ನೋಡಿಟ್ಟಿರುವ, ಬಾಗಿಲಿಗೆ ಸದಾ ಬೀಗ ಹಾಕಿರುವ ವೃದ್ಧರ ಹೋಮಿಗೆ ಹೋಗಬೇಕೋ ಎಂದು ಅಲ್ಲಿ ತೀರ್ಮಾನವಾಗುತ್ತದೆ. ಅವರಿಗೆಲ್ಲ ಗೊತ್ತಿರುವುದು ಇಷ್ಟು: ಬಾಳಪ್ಪ ಎಂಬ ಮುದುಕ ತಲೆ ಕೆಟ್ಟು ಹೆಂಡತಿಯ ಮೇಲೆ ಕೈ ಮಾಡಿದ, ಅವಳು ಹೇಗೋ ಬಿಡಿಸಿಕೊಂಡಳು, ಅವನು ಬಿದ್ದು ಸೊಂಟದ ಮೂಳೆ ಮುರಿದುಕೊಂಡ. ಅವರಿಗೆ ಹಾಗೆ ಹೇಳಿದವಳು ನೀನು. ನೀನು ಹಾಗೆ ತಿಳಿದುಕೊಳ್ಳಲು ಬಿಟ್ಟವಳು ನಾನು.

ಯುಗಾದಿಗೆ ಬಂದಾಗ ನೀನೇ ನೋಡಿದೆಯಲ್ಲ. ಪಾರ್ಕಿನ್ಸನ್ಸ್ ಶುರುವಾದ ಮೇಲೆ ಅಪ್ಪನಿಗೆ ಮಧ್ಯಾಹ್ನದ ನಿದ್ದೆಯಿಂದ ಏಳುವಾಗ ಎಲ್ಲಿದ್ದೇನೆಂದು ತಿಳಿಯುತ್ತಿರಲಿಲ್ಲ. ಗಾಬರಿಯಾಗಿ ನನ್ನ ಮಣಿಕಟ್ಟು ಹಿಡಿದರೆ ಬಿಡುತ್ತಿರಲಿಲ್ಲ. ನೀನು ಟೀಪಾಯಿ ಪಕ್ಕಕ್ಕೆ ಸರಿಸಿ, ಬಾ ಕಲಿಸುತ್ತೇನೆ ಎಂದೆ. ಲಿಯಾಂಡರಿನಿಂದ ಆಸ್ಟಿನ್ನಿಗೆ ಹೋಗಿ ಶನಿವಾರ ಶನಿವಾರ ಅಷ್ಟು ಜನಕ್ಕೆ ಚೀನೀ ಕುಸ್ತಿ ಕಲಿಸುವವಳು, ಅವ್ವನಿಗೆ ಕಲಿಸುವುದು ದೊಡ್ಡದೇ? ಮೊದಲು ನನ್ನ ಅಂಗೈಯನ್ನು ನಿನ್ನ ಅಂಗೈಗೆ ಹಚ್ಚಿ ಕಣ್ಣು ಮುಚ್ಚಲು ಹೇಳಿದೆ. ಎದುರಿಗಿದ್ದವರು ತಳ್ಳುತ್ತಿದ್ದಾರೋ, ಎಳೆಯುತ್ತಿದ್ದಾರೋ, ಸುಮ್ಮನೆ ಭಾರ ಬಿಟ್ಟಿದ್ದಾರೋ, ಅದನ್ನು ಚರ್ಮದಿಂದ ಕೇಳಿಸಿಕೊಳ್ಳಬೇಕು, ಅದು ತಿಳಿಯದೆ ಪಟ್ಟು ಬಿಡಿಸಲು ಹೋಗಬಾರದು ಎಂದೆ. ನಿಮ್ಮ ಮಾಸ್ಟರ್ ಹೊಸಬರಿಗೆ ಒಂದು ವರ್ಷ ಇದನ್ನೇ ಮಾಡಿಸುತ್ತಾರಂತೆ. ನನಗೆ ಆಕಳಿಕೆ ಬಂತು. ನಿಮ್ಮಪ್ಪ ಹೇಳಿದ್ದನ್ನು ಇಷ್ಟು ವರ್ಷ ಕಿವಿಯಿಂದಲೇ ಕೇಳಿಸಿಕೊಂಡಿಲ್ಲ, ಇನ್ನು ಚರ್ಮದಿಂದ ಏನು ಕೇಳಲಿ, ಬಿಡಿಸಿಕೊಳ್ಳುವುದನ್ನು ಕಲಿಸಿಬಿಡು ಎಂದೆ. ನೀನು ನಕ್ಕು, ಅದನ್ನೇ ಕಲಿಸಿದೆ.

ಎಂಥ ಹಿಡಿತವೂ ಹೆಬ್ಬೆರಳಿನ ಕಡೆ ಸಡಿಲ. ಎಳೆಯಬಾರದು. ಮೊಣಕೈ ಇಳಿಸಿ, ನಡು ತಿರುಗಿಸಿ, ಹೆಬ್ಬೆರಳಿನ ಕಡೆಯಿಂದ ಕೈ ಹೊರಗೆ ತರಬೇಕು. ನಾನು ಅದನ್ನು ಬೇಗ ಕಲಿತೆ. ಗುರುವಾರ ಗುರುವಾರ ಮರ್ಫಿ ಊರಿನಿಂದ ಬರುವ ಗೆಳತಿ ಲೀಲಾವತಿಗೂ ಹೇಳಿಕೊಟ್ಟೆ. ಮೈಸೂರಿನವಳು, ಮಾತು ಬೆಣ್ಣೆ, ಹಿಡಿತ ಮಾತ್ರ ಉಡದ ಪಟ್ಟು. ಚಹಾ ಆರಿಹೋಗುವವರೆಗೆ ನಾವಿಬ್ಬರೂ ಪಡಸಾಲೆಯಲ್ಲಿ ಕೈ ಹಿಡಿಯುವುದು, ಬಿಡಿಸುವುದು, ನಗುವುದು. ಅಪ್ಪ ಕುರ್ಚಿಯಲ್ಲಿ ಕುಳಿತು ನೋಡುತ್ತಿದ್ದರು.

ಈಗ ಆ ದಿನದ್ದು ಬರೆಯುತ್ತೇನೆ. ದೀಪಾವಳಿಯಾದ ಮರುವಾರ, ಶುಕ್ರವಾರ. ಬೆಳಗಿನಿಂದ ನಿಮ್ಮಪ್ಪ ಕಾರಿನ ಕೀಲಿ ಎಲ್ಲಿ ಎಂದು ಕೇಳುತ್ತಿದ್ದರು. ಡಾಕ್ಟರು ಡ್ರೈವಿಂಗ್ ನಿಲ್ಲಿಸಿದ್ದಾರೆ ಎಂದು ಹೇಳುವುದು, ಅವರು ಮರೆಯುವುದು, ಮತ್ತೆ ಕೇಳುವುದು. ನನಗೆ ತಲೆ ಚಿಟ್ಟು ಹಿಡಿದಿತ್ತು. ತವೆಯ ಮೇಲೆ ರೊಟ್ಟಿ, ಬಲಗೈಯಲ್ಲಿ ಹಿಟ್ಟು. ಹಿಂದಿನಿಂದ ಬಂದು ಎಡಗೈ ಹಿಡಿದರು. ನನಗೆ ಹೆದರಿಕೆಯಾಗಲಿಲ್ಲ ಮಧು. ಸಿಟ್ಟು ಬಂತು. ಮೊಣಕೈ ಇಳಿಸಿದೆ, ತಿರುಗಿದೆ, ಹೆಬ್ಬೆರಳಿನ ಕಡೆಯಿಂದ ಕೈ ಬಂತು. ನೀನಿದ್ದಿದ್ದರೆ ಶಾಬಾಸ್ ಎನ್ನುತ್ತಿದ್ದೆ. ಅವರ ಕೈ ಗಾಳಿಯಲ್ಲಿ ಇನ್ನೂ ನನ್ನ ಮಣಿಕಟ್ಟನ್ನು ಹಿಡಿದ ಹಾಗೆಯೇ ಇತ್ತು. ಆಮೇಲೆ ಬಿದ್ದರು.

ವಾಕರ್ ಕುರ್ಚಿಯ ಹತ್ತಿರವೇ ಉಳಿದಿತ್ತು. ಅಡುಗೆಮನೆಯವರೆಗೆ ಬರಿಗೈಯಲ್ಲಿ ನಡೆದು ಬಂದಿದ್ದಾರೆ. ಅಲ್ಲಿ ಅವರ ಕಾಲುಗಳು ನೆಲಕ್ಕೆ ಅಂಟಿಕೊಂಡಿವೆ. ಹಾಗಾಗುತ್ತದೆ ಎಂದು ಡಾಕ್ಟರು ನಮಗಿಬ್ಬರಿಗೂ ಹೇಳಿದ್ದರಲ್ಲ. ಬೀಳುತ್ತೇನೆ ಎನ್ನಿಸಿ, ಕೈಗೆ ಸಿಕ್ಕಿದ್ದನ್ನು ಹಿಡಿದಿದ್ದಾರೆ. ಸಿಕ್ಕಿದ್ದು ನಾನು.

ಇದು ನನಗೆ ಆಮೇಲೆ ಹೊಳೆದದ್ದು ಎಂದು ಬರೆದರೆ ನೀನು ನಂಬುತ್ತೀ. ಅದಕ್ಕೇ ಹಾಗೆ ಬರೆಯುವುದಿಲ್ಲ. ಆ ಕೈ ಎಳೆಯುತ್ತಿರಲಿಲ್ಲ, ತಿರುಚುತ್ತಿರಲಿಲ್ಲ. ಜೋತುಬಿದ್ದಿತ್ತು. ನೀನು ಹೇಳಿದ್ದೆಯಲ್ಲ, ಚರ್ಮದಿಂದ ಕೇಳಿಸಿಕೊಳ್ಳುವುದು, ಅದು ಆ ದಿನ ನನಗೆ ಕಲಿಯದೆಯೇ ಬಂತು. ಕೇಳಿಸಿತು. ಕೇಳಿಸಿಯೂ ತಿರುಗಿದೆ.

ಹ್ಯೂಸ್ಟನ್ನಿನ ನಿನ್ನ ಪಂದ್ಯ ನೆನಪಿದೆಯೇ? ಅಪ್ಪ ಇನ್ನೂ ಗಟ್ಟಿಯಾಗಿದ್ದ ಕಾಲ. ಆ ಎತ್ತರದ ಹುಡುಗಿ ನಿನ್ನ ನಡುಪಟ್ಟಿ ಹಿಡಿದು ಎತ್ತಿದಳು, ನಾನು ಕಣ್ಣು ಮುಚ್ಚಿಕೊಂಡೆ. ತೆಗೆದು ನೋಡಿದರೆ ನೀನು ಅವಳ ಜೊತೆಗೇ ತಿರುಗಿ ಅವಳನ್ನೇ ಕೆಡವಿದ್ದೆ. ಬೈಲಹೊಂಗಲದ ಗರಡಿಯಲ್ಲಿ ಮಣ್ಣು ಮೆತ್ತಿಕೊಂಡು ಬೆಳೆದ ನಿಮ್ಮಪ್ಪ ನನ್ನ ತೊಡೆ ತಟ್ಟಿ, 'ನೋಡ, ಪಟ್ಟಿಗೆ ಪಟ್ಟ ಹಾಕಿ ಕೆಡವ್ಯಾಳ, ಆದ್ರ ತೋಳ ಬಿಟ್ಟಿಲ್ಲ. ಆಕಿ ತಲಿ ನೆಲಕ್ಕ ಬಡೀಬಾರ್ದಂತ ಹಿಡಕೊಂಡಾಳ' ಎಂದರು. ಗೆದ್ದದ್ದಕ್ಕಿಂತ ಅದೇ ಅವರಿಗೆ ಹೆಚ್ಚು. ಕ್ಯಾರಲ್ಟನ್ ಮುಟ್ಟುವವರೆಗೂ ಅದನ್ನೇ ಹೇಳಿದರು. ನಾನು ತೋಳು ಹಿಡಿಯಲಿಲ್ಲ.

ಎಮರ್ಜೆನ್ಸಿಗೆ ನೀನು ಓಡಿ ಬಂದು ನನ್ನನ್ನು ಅಪ್ಪಿಕೊಂಡು, ನಾನು ಕಲಿಸಿದ್ದು ನಿನ್ನನ್ನು ಉಳಿಸಿತು ಎಂದು ಅತ್ತೆ. ನರ್ಸು ನನಗೆ ಕಂಬಳಿ ಹೊದಿಸಿ ಕಾಫಿ ಕೊಟ್ಟಳು. ಎಷ್ಟೋ ದಿನಗಳ ಮೇಲೆ ಯಾರೋ ನನ್ನನ್ನು ನೋಡಿಕೊಂಡರು. ಕಾಫಿ ಕುಡಿದೆ, ಸುಮ್ಮನಿದ್ದೆ. ಆ ವಾರ ಖಾಲಿ ಮನೆಯಲ್ಲಿ ಗಾಢ ನಿದ್ದೆ ಮಾಡಿದೆ. ನನಗೆ ದಣಿವಾಗಿತ್ತು ಎನ್ನುವುದು ನಿಜ. ಆ ದಣಿವಿಗೆ ಅವರು ಬೀಗದ ಹಿಂದೆ ಕೂರಬೇಕು ಎನ್ನುವುದು ಅನ್ಯಾಯ.

ರಿಹ್ಯಾಬಿನಲ್ಲಿ ರೋಗಿಗಳನ್ನು ನೋಡಿಕೊಳ್ಳುವ ಒಬ್ಬ ಒಳ್ಳೆಯ ಹುಡುಗಿ ಇದ್ದಾಳೆ. ಅವಳು ದಿನಾ ಅಪ್ಪನಿಗೆ ಮಕ್ಕಳಿಗೆ ಹೇಳಿದ ಹಾಗೆ, ಕೈ ಮೆತ್ತಗಿರಲಿ, ಯಾರನ್ನೂ ಹಿಡಿಯಬಾರದು ಎಂದು ಹೇಳುತ್ತಾಳೆ. ಈಗ ಅವರು ಎರಡೂ ಕೈ ಹೊದಿಕೆಯೊಳಗೆ ಇಟ್ಟುಕೊಂಡು ಮಲಗುತ್ತಾರೆ. ಮಂಗಳವಾರ ಚಹಾ ಒಯ್ದಿದ್ದೆ, ಹಿಡಿಯಲು ಕೈ ಹೊರಗೆ ತೆಗೆಯಲಿಲ್ಲ. 'ನಾ ನಿನಗ ಬಡದ್ನೇನ?' ಎಂದು ಕೇಳಿದರು. ಆ ಕೋಣೆಯಲ್ಲಿ ಕನ್ನಡ ತಿಳಿಯುವವರು ನಾವಿಬ್ಬರೇ. ಇಲ್ಲ ಎನ್ನಲು ಏನು ಅಡ್ಡಿ ಇತ್ತು? 'ಆದದ್ದು ಆತು, ಬಿಡ್ರಿ' ಎಂದೆ. ಅವರು ಗೋಡೆಯ ಕಡೆ ತಿರುಗಿ, 'ತಪ್ಪಾತು' ಎಂದರು. ಮದುವೆಯಾದಂದಿನಿಂದ ಆ ಮನುಷ್ಯನ ಬಾಯಲ್ಲಿ ಆ ಮಾತು ಕೇಳಿರಲಿಲ್ಲ. ಕೊನೆಗೆ ಕೇಳಿದ್ದು ಅವರು ಮಾಡದ ತಪ್ಪಿಗೆ.

ನಾಳೆ ಹೋದ ಕೂಡಲೇ ಅವರಿಗೆ ಇಲ್ಲ ಎನ್ನುತ್ತೇನೆ. ಮರೆತರೆ ಮತ್ತೆ ಹೇಳುತ್ತೇನೆ. ಸೋಮವಾರ ಮೀಟಿಂಗಿನಲ್ಲಿ ನಾನೇ ಎದ್ದು ಹೇಳುತ್ತೇನೆ. ನನ್ನ ಇಂಗ್ಲಿಷು ಅಂಗಡಿಗೆ ಸಾಕು, ಇದಕ್ಕೆ ಸಾಲದು. ನೀನು ಪಕ್ಕದಲ್ಲಿ ನಿಂತು ಇಂಗ್ಲಿಷಿಗೆ ತಿರುಗಿಸು. ನಾನು ಹೇಳಿದ್ದನ್ನು ಮೆತ್ತಗೆ ಮಾಡಬೇಡ. ಅವರನ್ನು ನಾನೊಬ್ಬಳೇ ನೋಡಿಕೊಳ್ಳಲಾರೆ, ಯಾರಾದರೂ ಸಹಾಯಕ್ಕೆ ಬೇಕು, ಅದನ್ನೂ ಹೇಳುತ್ತೇನೆ. ಆದರೆ ಬಡಿಯುವವನು ಎಂಬ ಹೆಸರು ಹೊತ್ತು ಅವರು ಎಲ್ಲಿಗೂ ಹೋಗಬಾರದು.

ನೀನು ಕಲಿಸಿದ್ದರಲ್ಲಿ ತಪ್ಪಿರಲಿಲ್ಲ. ಮೊದಲ ಪಾಠ ಬಿಟ್ಟು ಎರಡನೆಯದಕ್ಕೆ ಹಾರಿದವಳು ನಾನು. ಇದನ್ನು ನಿನ್ನ ತಲೆಗೆ ಕಟ್ಟಿಕೊಳ್ಳಬೇಡ. ಸಿಟ್ಟು ಬಂದರೆ ಬೈ, ಕೇಳಿಸಿಕೊಳ್ಳುತ್ತೇನೆ.

ನಿನ್ನ ಅವ್ವ,
ಕೃಷ್ಣವೇಣಿ

ತಾ.ಕ.: ಎಮರ್ಜೆನ್ಸಿಯಲ್ಲಿ ನೀನು ನನ್ನ ಮಣಿಕಟ್ಟಿನ ಕಪ್ಪು ಕಲೆಯ ಫೋಟೋ ತೆಗೆದು ಡಾಕ್ಟರಿಗೆ ತೋರಿಸಿದೆಯಲ್ಲ, ಅದು ನಿಮ್ಮಪ್ಪನ ಬೆರಳಿನ ಗುರುತಲ್ಲ. ಹಿಂದಿನ ದಿನ ಗುರುವಾರ, ಲೀಲಾವತಿ ಬಂದಿದ್ದಳು. ನೀನು ಫೋನ್ ಎತ್ತಿದಾಗ ನನಗೆ ಅದು ಗೊತ್ತಿತ್ತು. ಕಲೆ ಸರಿಯಾಗಿ ಕಾಣಲೆಂದು ಕೈಯನ್ನು ದೀಪದ ಕಡೆ ತಿರುಗಿಸಿದವಳೂ ನಾನೇ.