ಕೊಬ್ಬರಿ ಚೂರು

೯ ಜನವರಿ ೨೦೦೬, ಸಂಜೆ

ಟೇಪ್ ತಿರುಗುತ್ತಿದೆ. ಬರೆಯಲು ಕೂತರೆ ಎರಡು ಸಾಲಿಗೇ ನಿಲ್ಲುತ್ತೇನೆ, ಮಾತಾದರೆ ಲಂಗುಲಗಾಮಿಲ್ಲ. ಹಾಸನದಲ್ಲಿ ಟ್ರೈನಿಂಗ್, ಮೊದಲ ದಿನ. ಇಪ್ಪತ್ತಾರು ವರ್ಷ ಟೆಲಿಫೋನಿನ ತಾಮ್ರದ ತಂತಿ ಜೋಡಿಸಿದವನು, ಇನ್ನು ಇಂಟರ್‌ನೆಟ್ಟಿಗಾಗಿ ಗಾಜಿನ ಎಳೆ ಜೋಡಿಸಬೇಕಂತೆ. ಕೂದಲಿನಷ್ಟು ಸಣ್ಣದು... ಚನ್ನರಾಯಪಟ್ಟಣದಿಂದ ನಾಲ್ಕು ಜನ ಬಂದಿದ್ದೇವೆ. ಎಳೆ ಬೆಸೆಯುವ ಮಷೀನು ಒಬ್ಬನಿಗೇ. ಉಳಿದವರು ಬಾಗೂರು ರಸ್ತೆಯಲ್ಲಿ ಗುಂಡಿ ತೋಡಬೇಕು. ಐವತ್ತರ ಮಂಡಿ ಇದು, ಗುಂಡಿಗಿಳಿದರೆ ಮೇಲೆ ಬರುವುದಿಲ್ಲ. ಮಷೀನೇ ಸಿಗಬೇಕು.

೧೧ ಜನವರಿ

ಮಾನ ಹೋಯಿತು. ಎಳೆ ಸುಲಿದೆ, ಸ್ಪಿರಿಟ್ಟಿನಲ್ಲಿ ಒರೆಸಿದೆ, ಮಷೀನಿಗೆ ಇಡುವ ಮೊದಲು — ಉಫ್. ಊದಿಬಿಟ್ಟೆ. ತಾಮ್ರದಲ್ಲಿ ಊದದೆ ಒಂದು ಜಾಯಿಂಟೂ ಮಾಡಿದವನಲ್ಲ ನಾನು.

ಕಲಿಸುವವನು ಪದ್ಮಕುಮಾರ್, ನನ್ನ ಅರ್ಧ ವಯಸ್ಸು. "ಊದಬೇಡಿ ಚಲುವಯ್ಯನವರೇ. ಉಸಿರಲ್ಲಿ ತೇವ ಇರುತ್ತೆ, ಜಾಯಿಂಟ್ ಕೆಡುತ್ತೆ."

ಪಕ್ಕದಿಂದ ಚಂದ್ರಯ್ಯ: "ಅಣ್ಣ, ಒಲೆ ಅಚ್ತಿದೀಯಾ? ಅಂಗೇ ಕಾಪಿನೂ ಕಾಯ್ಸ್ಬುಡು."

ಎಲ್ಲರೂ ನಕ್ಕರು. ನಮ್ಮ ನಾಲ್ವರಲ್ಲಿ ಒಬ್ಬ, ಅರಕಲಗೂಡಿನಲ್ಲಿದ್ದಾಗಿನಿಂದ ಹನ್ನೆರಡು ವರ್ಷ ನನ್ನ ಕೈಕೆಳಗೇ ಕೆಲಸ ಕಲಿತವನು ಈ ಚಂದ್ರಯ್ಯ.

೧೫ ಜನವರಿ, ಭಾನುವಾರ

ಮನೆಯಲ್ಲಿ ನನ್ನವಳ ಕೂದಲಿಟ್ಟುಕೊಂಡು ಅಭ್ಯಾಸ. ಹತ್ತು ಸಲ ಮಾಡಿದರೆ ಹತ್ತು ಸಲವೂ ಉಫ್! ಅವಳು ಕೊಬ್ಬರಿ ಚೂರು ತಂದು ಬಾಯಿಗೆ ತುರುಕಿದಳು. "ಇದ್ನ ಕಚ್ಕೊಳಿ. ಬಾಯ್ ಸುಮ್ನಿರ್ಲಿ ವಸಿ." ಹಲ್ಲಿನ ನಡುವೆ ಚೂರು ಇದ್ದರೆ ತುಟಿ ಮುಂದೆ ಬರುವುದೇ ಇಲ್ಲ. ಭಲೇ.

೨೦ ಜನವರಿ

ಪರೀಕ್ಷೆ. ಒಳಗೆ ಹೋಗುವ ಮೊದಲು ಚಂದ್ರಯ್ಯ ಕೇಳಿದ, "ಬಾಯಲ್ಲೇನಣ್ಣ?"

"ಅಲ್ಲುನೋವು ಕಣ್ಲಾ. ಲವಂಗ."

ಸುಳ್ಳು ಎಷ್ಟು ಸಲೀಸಾಗಿ ಬಂತು...

ನನ್ನದು ಪಾಸು. ಅವನ ಸರದಿ. ಸುಲಿದ, ಒರೆಸಿದ — ಉಫ್. ಎರಡನೇ ಸಲವೂ. ಫೇಲೆಂದು ಮಷೀನು ಕೂಗಿಕೊಂಡಿತು. ಅವನು ಮಷೀನು ನೋಡಲಿಲ್ಲ, ನನ್ನನ್ನು ನೋಡಿದ. ತಾಮ್ರದ ಕೆಲಸ ಕಲಿಸುವಾಗ ಅವನು ಊದಲು ಮರೆತರೆ ತಲೆಗೆ ಮೊಟಕುತ್ತಿದ್ದವನು ನಾನೇ. "ಊದ್ಲಾ ಮೊದ್ಲು!"

೩ ಮಾರ್ಚ್, ಸಂಜೆ

ಆರು ವಾರ ಈ ಟೇಪ್ ಮುಟ್ಟಿರಲಿಲ್ಲ.

ಬಾಗೂರು ರಸ್ತೆ. ನಾನು ಟೆಂಟಿನ ನೆರಳಲ್ಲಿ, ಮಷೀನಿನ ಮುಂದೆ ಸ್ಟೂಲಿನ ಮೇಲೆ. ಚಂದ್ರಯ್ಯ ಎದೆಮಟ್ಟದ ಗುಂಡಿಯಲ್ಲಿ. ಕೇಬಲ್ ತುದಿ ಮೇಲಕ್ಕೆ ಕೊಡುವಾಗ ಮಣ್ಣು ಊದಿ ಕೊಟ್ಟ. ನಾನು ಅದನ್ನು ಸ್ಪಿರಿಟ್ಟಿನಲ್ಲಿ ಒರೆಸಿಕೊಂಡೆ.

ಟೀ ಹೊತ್ತಿಗೆ ಟೆಂಟಿಗೆ ಬಂದ. ಅಂಗೈ ತುಂಬ ಬೊಬ್ಬೆ.

"ಅಲ್ಲುನೋವು ವಾಸಿ ಆಯ್ತಾ ಅಣ್ಣ?"

"ಊಂ."

"ಅತ್ಗೆ ನಲ್ಲಿ ತಾವ ನಮ್ಮೋಳ್ಗೆ ಎಲ್ಲಾ ಏಳಿ ನಕ್ರಂತೆ."

ಜೇಬಿನಿಂದ ಒಂದು ಕೊಬ್ಬರಿ ಚೂರು ತೆಗೆದ. ಮಷೀನಿನ ಮುಚ್ಚಳದ ಮೇಲಿಟ್ಟ. "ಮಡಿಕ್ಕೊ. ಸಾನೆ ಜಾಯಿಂಟ್ ಅವೆ." ಮತ್ತೆ ಗುಂಡಿಗಿಳಿದ.

ಇನ್ನೂ ಹನ್ನೆರಡು ಜಾಯಿಂಟ್ ಬಾಕಿ ಇದ್ದವು. ಆ ಚೂರು ಬಾಯಿಗಿಡಲು ಆಗಲಿಲ್ಲ. ಮನೆಯಿಂದ ತಂದು ಬಾಯಲ್ಲಿಟ್ಟುಕೊಂಡಿದ್ದನ್ನೂ ಉಗಿದೆ. ಎಳೆ ಸುಲಿದೆ. ಒರೆಸಿದೆ. ಬಾಗಿದೆ. ಕೆಳಗೆ ಪಿಕಾಸಿ ಸದ್ದು ನಿಂತಿತು. ಅವನು ತಲೆಯೆತ್ತಿ ನೋಡುತ್ತಿದ್ದ. ತುಟಿ ತಾನಾಗಿಯೇ ಮುಂದೆ ಬಂತು — ಉಫ್.